ಊರಿಗೆಲ್ಲ ಒಂದೇ ನೀರು
(ಅಧ್ಯಯನ ಪಾಠ: ಚರಕ ಸಂಹಿತೆಯ ಒಂದು ಅಧ್ಯಾಯ ಮತ್ತು ಕೋಲಾರ ಸೀಮೆಯ ಅನುಭವ)



ಆಯುರ್ವೇದದ ಜೀವನಕ್ರಮವನ್ನು ಕುರಿತು ನಮ್ಮ ಪತ್ರಿಕೆಯಲ್ಲಿ ಒಂದು ಪಾಠ ಬರಬೇಕೆಂದು ಹಲವು ಸದಸ್ಯರು ಕೇಳುತ್ತ ಬಂದಿದ್ದಾರೆ. ಕೇಳಿದವರಲ್ಲಿ ಹೆಚ್ಚಿನವರ ಮನಸ್ಸಿನಲ್ಲಿದ್ದುದು ಕಷಾಯ, ತೈಲ, ಪಥ್ಯ, ಬೆಳಗಿನ ಧ್ಯಾನ ಇಂಥವು. ಅವುಗಳ ವಿಚಾರವಾಗಿಯೂ ಕೊನೆಯಲ್ಲಿ ನಾಲ್ಕು ಮಾತು ಹೇಳುತ್ತೇವೆ. ಆದರೆ ಅದಕ್ಕೆ ಮೊದಲು, ಚರಕ ಸಂಹಿತೆಯಲ್ಲಿ ಸಾಮಾನ್ಯವಾಗಿ ಯಾರೂ ಪ್ರಸ್ತಾಪಿಸದ ಒಂದು ಅಧ್ಯಾಯವನ್ನು ಸದಸ್ಯರ ಮುಂದಿಡಬೇಕೆಂದು ನಮಗೆ ತೋರಿದೆ. ತೋಟಗಾರರಾದ ನಮಗೆ ಅದಕ್ಕಿಂತ ಹತ್ತಿರದ ಅಧ್ಯಾಯ ಆ ಗ್ರಂಥದಲ್ಲಿ ಇನ್ನೊಂದಿಲ್ಲ.

ಈ ಪಾಠದಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಕಾಫಿ ಅಡಿಕೆಯವರಿಗೆ ಆ ಬಯಲುಸೀಮೆಯ ಗೊಡವೆ ಏಕೆಂದು ಕೆಲವರು ಕೇಳಬಹುದು. ಪಾಠವನ್ನು ಕೊನೆಯವರೆಗೆ ಓದಿದರೆ ಉತ್ತರ ತಾನಾಗಿ ಸಿಗುತ್ತದೆಂದು ನಂಬಿದ್ದೇವೆ.

ಶಿಷ್ಯನ ಪ್ರಶ್ನೆ

ಚರಕ ಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯಕ್ಕೆ 'ಜನಪದೋದ್ಧ್ವಂಸನೀಯ' ಎಂದು ಹೆಸರು. ಊರಿಗೆ ಊರೇ, ಸೀಮೆಗೆ ಸೀಮೆಯೇ ಹಾಳಾಗುವುದನ್ನು ಕುರಿತದ್ದು ಎಂದು ಅದರ ಅರ್ಥ. ಪಾಂಚಾಲ ದೇಶದ ಕಾಂಪಿಲ್ಯವೆಂಬ ರಾಜಧಾನಿ. ಬೇಸಿಗೆಯ ಕೊನೆಯ ತಿಂಗಳು. ಗಂಗೆಯ ದಡದ ಕಾಡಿನಲ್ಲಿ ಪುನರ್ವಸು ಆತ್ರೇಯರು ಶಿಷ್ಯರೊಡನೆ ತಿರುಗಾಡುತ್ತಿರುತ್ತಾರೆ. ಗಾಳಿ, ದಿಕ್ಕು, ಸೂರ್ಯಚಂದ್ರರ ಲಕ್ಷಣಗಳು ಮೊದಲಿನಂತಿಲ್ಲವೆಂದು ಕಂಡ ಗುರುಗಳು ಶಿಷ್ಯನಾದ ಅಗ್ನಿವೇಶನಿಗೆ ಒಂದು ಎಚ್ಚರಿಕೆ ಕೊಡುತ್ತಾರೆ: ಇನ್ನು ಸ್ವಲ್ಪ ಕಾಲದಲ್ಲಿ ಭೂಮಿಯು ಗಿಡಮೂಲಿಕೆಗಳಿಗೆ ಸಾರವನ್ನು ಸರಿಯಾಗಿ ಕೊಡಲಾರದು, ನೆಲ ರಸ ಕಳೆದುಕೊಳ್ಳುವ ಮೊದಲೇ ಔಷಧಿಗಳನ್ನು ಸಂಗ್ರಹಿಸಿಡಿ.

ಆಗ ಅಗ್ನಿವೇಶನು ಕೇಳುವ ಪ್ರಶ್ನೆ ಬಹಳ ಸೂಕ್ಷ್ಮವಾದದ್ದು. ಮನುಷ್ಯ ಮನುಷ್ಯನಿಗೆ ಪ್ರಕೃತಿ ಬೇರೆ, ಆಹಾರ ಬೇರೆ, ದೇಹಬಲ ಬೇರೆ, ಮನೋಬಲ ಬೇರೆ, ವಯಸ್ಸು ಬೇರೆ. ಹೀಗಿರುವಾಗ ಒಂದೇ ರೋಗ ಒಂದೇ ಕಾಲದಲ್ಲಿ ಊರವರನ್ನೆಲ್ಲ ಹೇಗೆ ಹಿಡಿಯುತ್ತದೆ? ಆಯುರ್ವೇದವೆಂದರೆ ಒಬ್ಬೊಬ್ಬನ ಪ್ರಕೃತಿಗೆ ತಕ್ಕ ಚಿಕಿತ್ಸೆ. ಆ ಶಾಸ್ತ್ರದ ಬುಡಕ್ಕೇ ಕೈಹಾಕುವ ಪ್ರಶ್ನೆ ಇದು.

ಗುರುಗಳ ಉತ್ತರ ಹೀಗಿದೆ. ಪ್ರಕೃತಿ ಬೇರೆಯಾದರೂ ಎಲ್ಲರಿಗೂ ಸಮಾನವಾದ ನಾಲ್ಕು ಸಂಗತಿಗಳಿವೆ: ಗಾಳಿ, ನೀರು, ನೆಲ, ಕಾಲ. ಈ ನಾಲ್ಕು ಕೆಟ್ಟಾಗ ಪಥ್ಯದಲ್ಲಿದ್ದವನೂ ಇಲ್ಲದವನೂ ಒಟ್ಟಿಗೆ ಕೆಡುತ್ತಾರೆ. ಈ ನಾಲ್ಕರಲ್ಲಿ ಗಾಳಿಗಿಂತ ನೀರು, ನೀರಿಗಿಂತ ನೆಲ, ನೆಲಕ್ಕಿಂತ ಕಾಲ ಹೆಚ್ಚು ಗುರುತರವಾದವು. ಏಕೆಂದರೆ ಒಂದಕ್ಕಿಂತ ಇನ್ನೊಂದನ್ನು ತಪ್ಪಿಸಿಕೊಳ್ಳುವುದು ಕಷ್ಟ. ಗಾಳಿ ಕೆಟ್ಟರೆ ಬಾಗಿಲು ಹಾಕಿಕೊಳ್ಳಬಹುದು. ನೀರು ಕೆಟ್ಟರೆ ಬೇರೆಡೆಯಿಂದ ಹೊತ್ತು ತರಬಹುದು. ನೆಲವೇ ಕೆಟ್ಟರೆ ಊರು ಬಿಡಬೇಕು. ಕಾಲವೇ ಕೆಟ್ಟರೆ ಬಿಟ್ಟು ಹೋಗುವುದಾದರೂ ಎಲ್ಲಿಗೆ?

ಈ ಮಾತು ನಮಗೆ ಹೊಸದಲ್ಲ

ಅಡಿಕೆ ಬೆಳೆಗಾರರಿಗೆ ಈ ತತ್ತ್ವವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲಕ್ಕೆ ಮುಂಚೆ ಒಬ್ಬರು ಶೇಕಡಾ 1ರ ಬೋರ್ಡೋ ದ್ರಾವಣವನ್ನು ಶಾಸ್ತ್ರೋಕ್ತವಾಗಿ, ಅಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿ, ಗೊನೆಗೊನೆಗೂ ಹೊಡೆಸಿದ್ದಾರೆನ್ನೋಣ. ಪಕ್ಕದ ತೋಟದವರು ಕೊನೆಗಾರ ಸಿಗಲಿಲ್ಲವೆಂದೋ ಕೈಯಲ್ಲಿ ಹಣವಿಲ್ಲವೆಂದೋ ಬಿಟ್ಟರು. ಗಾಳಿಮಳೆಯೊಡನೆ ಕೊಳೆರೋಗ ಬೇಲಿ ದಾಟಿ ಬರುತ್ತದೆ. 2022ರಿಂದೀಚೆಗೆ ಮಲೆನಾಡಿನ ತೋಟಗಳನ್ನು ಸುಡುತ್ತಿರುವ ಎಲೆಚುಕ್ಕೆ ರೋಗವೂ ಹಾಗೆಯೇ. ಅದಕ್ಕೆ ಸರ್ವೆ ನಂಬರು ಗೊತ್ತಿಲ್ಲ. ಕಾಫಿಯಲ್ಲಿ ಬಿಳಿ ಕಾಂಡಕೊರಕ ಹಿಡಿದ ಅರೇಬಿಕಾ ಗಿಡವನ್ನು ಕಿತ್ತು ಸುಡದೆ ಬಿಟ್ಟವರ ತೋಟದಿಂದ ದುಂಬಿ ಹಾರಿ ಮುಂದಿನ ತೋಟಕ್ಕೆ ಹೋಗುತ್ತದೆ.

ಗಿಡಕ್ಕೆ ಬರುವ ರೋಗದಲ್ಲಿ ಒಪ್ಪಿಕೊಂಡ ಈ ಸತ್ಯವನ್ನು ನಮ್ಮ ಮೈಗೆ ಬರುವ ರೋಗದಲ್ಲಿ ನಾವು ಒಪ್ಪುವುದಿಲ್ಲ. ಅಲ್ಲಿ ಮಾತ್ರ 'ನನ್ನ ಪಥ್ಯ, ನನ್ನ ಕಷಾಯ, ನನ್ನ ಪ್ರಾಣಾಯಾಮ' ಸಾಕೆಂದುಕೊಂಡಿದ್ದೇವೆ.

ಒಣನೆಲವೇ ಆರೋಗ್ಯದ ನೆಲ

ಆಯುರ್ವೇದವು ನೆಲವನ್ನು ಮೂರು ಬಗೆಯಾಗಿ ವಿಂಗಡಿಸಿದೆ. ನೀರು, ಮರ, ತೇವ ಹೆಚ್ಚಾಗಿರುವ ನೆಲ 'ಆನೂಪ'. ಬಾಳೆ, ತೆಂಗು ಬೆಳೆಯುವ ನಮ್ಮ ಮಲೆನಾಡು ಮತ್ತು ಕರಾವಳಿ ಈ ವರ್ಗಕ್ಕೆ ಸೇರಬೇಕಾದವು. ಇಲ್ಲಿ ಕಫದ ಪ್ರಾಬಲ್ಯ. ಬಯಲು ಆಕಾಶ, ಒಣ ಗಾಳಿ, ಕಗ್ಗಲಿ ಬನ್ನಿಯಂತಹ ಗಡುಸು ಮರಗಳಿರುವ ನೆಲ 'ಜಾಂಗಲ'. ಇಲ್ಲಿ ವಾತದ ಪ್ರಾಬಲ್ಯ. ಎರಡರ ಗುಣವೂ ಸಮವಾಗಿ ಬೆರೆತದ್ದು 'ಸಾಧಾರಣ'.

ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಬೀಳುವ, ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಕೋಲಾರ ಸೀಮೆ ಜಾಂಗಲಕ್ಕೆ ಒಳ್ಳೆಯ ಉದಾಹರಣೆ. ನಾವು ಮಲೆನಾಡಿನವರು ಅಂಥ ನೆಲವನ್ನು ಕಂಡು ಅಯ್ಯೋ ಎನ್ನುವುದುಂಟು. ಆದರೆ ಚರಕರ ಅಭಿಪ್ರಾಯ ನಮಗೆ ವಿರುದ್ಧವಾಗಿದೆ. ಸೂತ್ರಸ್ಥಾನದಲ್ಲಿ ಶ್ರೇಷ್ಠ ವಸ್ತುಗಳನ್ನು ಪಟ್ಟಿ ಮಾಡುವಾಗ, ಆರೋಗ್ಯಕ್ಕೆ ಅತ್ಯುತ್ತಮವಾದದ್ದು ಒಣ ಮರುಭೂಮಿಯೆಂದೂ, ಹಿತವಲ್ಲದವುಗಳಲ್ಲಿ ಮೊದಲನೆಯದು ಆನೂಪವೆಂದೂ ಅವರು ಹೇಳಿದ್ದಾರೆ. ಹಿಂದೆ ನಮ್ಮ ಮಲೆನಾಡನ್ನು ಬರಿದುಮಾಡಿದ ಮಲೇರಿಯಾ ಜ್ವರವನ್ನು ನೆನೆದರೆ ಆ ಮಾತಿನ ತಥ್ಯ ತಿಳಿಯುತ್ತದೆ.

ಒಣನೆಲದಲ್ಲಿ ಆ ನೆಲಕ್ಕೆ ಹೊಂದುವ ಬಾಳು ಬೆಳೆದಿತ್ತು. ರಾಗಿ, ಹುರುಳಿ, ಅವರೆ, ತೊಗರಿ, ಮಾವು, ಹುಣಸೆ, ಹೊಂಗೆ. ನೀರಿಗೆ ಕೆರೆ. ಕೋಲಾರದ ಕೆರೆಗಳು ಒಂಟಿ ಕೆರೆಗಳಲ್ಲ. ಮೇಲಿನ ಕೆರೆ ತುಂಬಿ ಕೋಡಿ ಹೋದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ. ಬಿದ್ದ ಹನಿ ನಾಲ್ಕು ಊರಿನ ಗದ್ದೆ ಕಂಡು ಮುಂದೆ ಹೋಗಬೇಕು. ತೂಬು ಎತ್ತುವವನು ನೀರುಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ಎಂಬ ಲೆಕ್ಕ ಅವನದು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಊರವರೇ ಗೋಡು ಎತ್ತಿ ಹೊಲಕ್ಕೆ ಹೊಡೆಯುತ್ತಿದ್ದರು. ಹೊಲಕ್ಕೆ ಗೊಬ್ಬರ, ಕೆರೆಗೆ ಆಳ. ಕೆರೆಯಿಂದ ನೆಲಕ್ಕೆ ಇಳಿದ ನೀರು ಸುತ್ತಲಿನ ತೆರೆದ ಬಾವಿಗಳಲ್ಲಿ ನಿಲ್ಲುತ್ತಿತ್ತು. ನಾಲ್ಕು ಸಾಮಾನ್ಯ ವಸ್ತುಗಳಲ್ಲಿ ಒಂದಾದ ನೀರನ್ನು ಸಾಮಾನ್ಯವಾಗಿಯೇ ಇಟ್ಟುಕೊಂಡ ಕ್ರಮ ಇದು. ಇದಕ್ಕಿಂತ ದೊಡ್ಡ ಸಹಕಾರ ಸಂಘವನ್ನು ನಾವಂತೂ ಕಂಡಿಲ್ಲ.

ನಾವು ಕಂಡ ಕೋಲಾರ

ಈಚಿನ ಒಂದು ಬೇಸಿಗೆಯಲ್ಲಿ ಬಂಧುಗಳೊಬ್ಬರ ಮದುವೆಗೆಂದು ಶ್ರೀನಿವಾಸಪುರಕ್ಕೆ ಹೋಗುವ ಸಂದರ್ಭ ಬಂದಿತ್ತು. ಮದುವೆ ಮುಗಿದ ಮೇಲೆ ಎರಡು ದಿನ ನಿಂತು ಸುತ್ತಮುತ್ತ ನೋಡಿಕೊಂಡು ಬಂದೆವು. ಬೀಗರ ಕಡೆಯ ಹಿರಿಯರೊಬ್ಬರು ಮಾವಿನ ತೋಪಿನಲ್ಲಿ ಕುಳಿತು ಕುಶಲ ವಿಚಾರಿಸುತ್ತ, ನಮ್ಮ ಮಳೆ ಬೆಳೆ ಕೇಳುವ ಮೊದಲೇ, "ಸ್ವಾಮಿ, ನಿಮ್ಮ ಕಡೆ ಬೋರು ಎಷ್ಟು ಅಡಿಗೆ?" ಎಂದರು. ಇನ್ನೂರು, ಮುನ್ನೂರು ಅಡಿ ಎಂದೆವು. ಅವರು ನಕ್ಕು, "ಹಂಗೇ ನಮ್ಮಲ್ಲೂ ಇತ್ತು" ಎಂದಷ್ಟೇ ಹೇಳಿದರು. ಈಗ ಆ ಭಾಗದಲ್ಲಿ ಸಾವಿರ ಅಡಿ ದಾಟಿ ಕೊರೆದರೂ ನೀರು ಸಿಗುವ ಭರವಸೆಯಿಲ್ಲ. ಅಂತರ್ಜಲದ ಬಳಕೆ ಮರುಪೂರಣಕ್ಕಿಂತ ಹೆಚ್ಚಾಗಿರುವ ಅತಿಬಳಕೆಯ ಪ್ರದೇಶವೆಂದು ಸರ್ಕಾರಿ ಸಮೀಕ್ಷೆಗಳು ಕೋಲಾರ ಜಿಲ್ಲೆಯನ್ನು ಗುರುತಿಸುತ್ತ ಬಂದು ಎಷ್ಟೋ ವರ್ಷಗಳಾದವು.

ಆಳಕ್ಕೆ ಹೋದಷ್ಟೂ ನೀರಿನ ಗುಣ ಬೇರೆ. ಆ ಸೀಮೆಯ ಕಗ್ಗಲ್ಲಿನಲ್ಲಿ ಫ್ಲೋರೈಡ್ ಅಂಶವಿರುವ ಖನಿಜಗಳಿವೆ. ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತ ನೀರಿನಲ್ಲಿ ಅದು ಕರಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡ್ ಎಂಬುದು ಮೀರಬಾರದ ಮಿತಿ. ಮುಳಬಾಗಿಲು, ಶ್ರೀನಿವಾಸಪುರ ತಾಲೂಕುಗಳ ಅನೇಕ ಕೊಳವೆ ಬಾವಿಗಳು ಆ ಮಿತಿಯನ್ನು ದಾಟಿವೆ. ಹಲ್ಲು ಮೂಡುವ ವಯಸ್ಸಿನ ಮಕ್ಕಳು ಆ ನೀರು ಕುಡಿದರೆ ಹಲ್ಲಿನ ಮೇಲೆ ಮಾಸದ ಕಂದು ಗೆರೆ ಬೀಳುತ್ತದೆ. ಹತ್ತಾರು ವರ್ಷ ಕುಡಿದವರಿಗೆ ಕೀಲು ಬಿಗಿದು ಬೆನ್ನು ಬಾಗುತ್ತದೆ. ಮೂಳೆಯಲ್ಲಿ ಸೇರಿದ ಫ್ಲೋರೈಡನ್ನು ಹೊರತೆಗೆಯುವ ಕಷಾಯವಾಗಲಿ ಮಾತ್ರೆಯಾಗಲಿ ಇಲ್ಲ. ಒಳ್ಳೆಯ ನೀರು ಕೊಡುವುದೊಂದೇ ಉಪಾಯ. ಈಗ ಹಳ್ಳಿಹಳ್ಳಿಗೂ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳಲು ಜನ ಸಾಲಾಗಿ ನಿಂತಿದ್ದನ್ನು ಕಂಡೆವು. ಆ ಸಾಲಿನಲ್ಲಿದ್ದವರು ರಾಗಿಮುದ್ದೆ ಉಂಡು, ಸೂರ್ಯೋದಯಕ್ಕೆ ಮುಂಚೆ ಎದ್ದು, ಮೈಮುರಿದು ದುಡಿದು ಬಾಳಿದವರು. ಅವರ ದಿನಚರ್ಯೆಯಲ್ಲಿ ವಾಗ್ಭಟರಿಗೂ ತಪ್ಪು ಸಿಗಲಾರದು. ಅಗ್ನಿವೇಶನ ಪ್ರಶ್ನೆಗೆ ಜೀವಂತ ಉತ್ತರ ಅದು.

ನೀರಿನದು ಹೀಗಾದರೆ ನೆಲದ್ದು ಇನ್ನೊಂದು. ಮಾಲೂರಿನ ಕಡೆ ರಾಗಿ ಹೊಲಗಳಿದ್ದ ಕಡೆ ನೀಲಗಿರಿ ತೋಪುಗಳು ಎದ್ದವು. ಆಳು ಬೇಡ, ದನ ತಿನ್ನುವುದಿಲ್ಲ, ಕೆಲವೇ ವರ್ಷಕ್ಕೆ ಕಟಾವು, ಕೈಗೆ ದುಡ್ಡು. ಒಬ್ಬೊಬ್ಬ ರೈತನ ಲೆಕ್ಕದಲ್ಲಿ ಅದು ತಪ್ಪೂ ಆಗಿರಲಿಲ್ಲ. ಎಲ್ಲರ ಲೆಕ್ಕ ಕೂಡಿದಾಗ ಸೀಮೆಯ ಮೇಲ್ಮಣ್ಣಿನ ತೇವವೇ ಹೋಯಿತು. 1983ರಲ್ಲಿಯೇ ತುಮಕೂರಿನ ಕಡೆ ರೈತರು ನೀಲಗಿರಿ ಸಸಿಗಳನ್ನು ಕಿತ್ತುಹಾಕಿ ಪ್ರತಿಭಟಿಸಿದ್ದರು; ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ಗಾಳಿಗೆ ಉದಾಹರಣೆ ಬೇಕಾದವರು ಕೋಲಾರದ ಚಿನ್ನದ ಗಣಿಗಳ ಕಡೆ ನೋಡಬಹುದು. ಗಣಿ 2001ರಲ್ಲಿ ಮುಚ್ಚಿತು. ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡಗಳು, ಊರವರು ಸಯನೈಡ್ ದಿಬ್ಬ ಎನ್ನುವವು, ಹಾಗೆಯೇ ನಿಂತಿವೆ. ಬೇಸಿಗೆಯ ಗಾಳಿಗೆ ಆ ದೂಳು ಮನೆಯೊಳಗೆ ಬರುತ್ತದೆ. ಚಿನ್ನ ಎಲ್ಲಿಗೋ ಹೋಯಿತು, ದೂಳು ಊರಿಗೆ ಉಳಿಯಿತು.

ಆತ್ರೇಯರು ಕೆಟ್ಟ ಗಾಳಿಯ ಲಕ್ಷಣಗಳಲ್ಲಿ ಮರಳು, ದೂಳು, ಹೊಗೆಗಳನ್ನು ಎಣಿಸುತ್ತಾರೆ. ಕೆಟ್ಟ ನೀರಿಗೆ ಕೊಡುವ ಗುರುತು ಇನ್ನೂ ಸೊಗಸಾದದ್ದು: ಬಣ್ಣ, ವಾಸನೆ, ರುಚಿ ಕೆಟ್ಟಿರುವುದಲ್ಲದೆ, ನೀರುಹಕ್ಕಿಗಳು ಅದನ್ನು ಬಿಟ್ಟುಹೋಗಿರುತ್ತವೆ, ನೀರಿನ ಜೀವಿಗಳು ಕ್ಷೀಣಿಸಿರುತ್ತವೆ. ಪ್ರಯೋಗಾಲಯವಿಲ್ಲದ ಕಾಲದಲ್ಲಿ ಹಕ್ಕಿಯೇ ಪರೀಕ್ಷಕ.

ಈ ಹಕ್ಕಿಯ ಮಾತು ಕೋಲಾರದಲ್ಲಿ ನಮಗೆ ನೆನಪಾಗಲು ಕಾರಣವಿತ್ತು. ಬೆಂಗಳೂರಿನ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರ ಜೂನ್ ತಿಂಗಳಲ್ಲಿ ಲಕ್ಷ್ಮೀಸಾಗರದ ಕೆರೆಯಿಂದ ಆರಂಭವಾಯಿತು. ದಿನಕ್ಕೆ 44 ಕೋಟಿ ಲೀಟರ್ ನೀರು, ನೂರಕ್ಕೂ ಹೆಚ್ಚು ಕೆರೆ ಎಂಬುದು ಯೋಜನೆಯ ಗುರಿ. ಮರುತಿಂಗಳೇ ಕೆರೆಯಲ್ಲಿ ನೊರೆ ಕಾಣಿಸಿತು. ವಿವಾದ ಉಚ್ಚ ನ್ಯಾಯಾಲಯಕ್ಕೂ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಗಿ, ಕೊನೆಗೆ ನೀರು ಮತ್ತೆ ಹರಿಯಿತು. ಬತ್ತಿದ್ದ ಎಷ್ಟೋ ಕೊಳವೆ ಬಾವಿಗಳಿಗೆ ನೀರು ಬಂತೆಂದು ಸಂತೋಷಪಡುವವರೂ ಅಲ್ಲಿದ್ದಾರೆ. ಮೂರನೆಯ ಹಂತದ ಶುದ್ಧೀಕರಣವಿಲ್ಲದೆ ಈ ನೀರು ಬೇಡವೆಂದು ಹೋರಾಡುವವರೂ ಇದ್ದಾರೆ. ಎರಡು ಮಾತಿನಲ್ಲಿಯೂ ಸತ್ಯವಿದೆ. ತಮ್ಮದೇ ಕೆರೆಯ ಸರಪಣಿಯನ್ನು ಕಳೆದುಕೊಂಡ ಸೀಮೆಗೆ ಕೊನೆಗೆ ಇನ್ನೊಂದು ಊರು ಬಳಸಿ ಬಿಟ್ಟ ನೀರನ್ನು ಬೇಕೇ ಬೇಡವೇ ಎಂದು ಯೋಚಿಸುವ ಸ್ಥಿತಿ ಬಂತಲ್ಲ ಎಂಬುದೇ ನಮಗೆ ನೋವಿನ ವಿಷಯ.

ಇನ್ನೊಂದು ಮಾತನ್ನು ಸಹಕಾರಿಗಳಾದ ನಾವು ಗಮನಿಸಬೇಕು. ಕೋಲಾರ ಹಾಲಿನ ಸಹಕಾರಕ್ಕೆ ಹೆಸರಾದ ಸೀಮೆ. ಬೆಳಿಗ್ಗೆ ಸಂಜೆ ಜನ ಕ್ಯಾನು ಹಿಡಿದು ಸಂಘಕ್ಕೆ ಹೋಗುತ್ತಾರೆ. ಅಳತೆ, ಲೆಕ್ಕ, ಬಟವಾಡೆ ಎಲ್ಲ ನಡೆಯುತ್ತದೆ. ಹಾಲಿನಲ್ಲಿ ಕೂಡಿದ ಅದೇ ಜನ ನೀರಿನಲ್ಲಿ ಕೂಡಲಿಲ್ಲ. ಹಾಲು ಒಬ್ಬೊಬ್ಬರ ಹಸುವಿನದು, ಮಾರಿದರೆ ದುಡ್ಡು. ನೀರು ಎಲ್ಲರದು, ಎಲ್ಲರದಾದದ್ದಕ್ಕೆ ಲೆಕ್ಕ ಬರೆಯುವವರು ಯಾರೂ ಇರಲಿಲ್ಲ.

ಪ್ರಜ್ಞಾಪರಾಧ

ಗಾಳಿ, ನೀರು, ನೆಲ, ಕಾಲ ಕೆಡುವುದಕ್ಕೆ ಮೂಲವೇನೆಂದು ಅಗ್ನಿವೇಶನು ಮತ್ತೆ ಕೇಳುತ್ತಾನೆ. ಅಧರ್ಮ, ಅದಕ್ಕೆ ಮೂಲ ಪ್ರಜ್ಞಾಪರಾಧ ಎಂದು ಗುರುಗಳು ಉತ್ತರಿಸುತ್ತಾರೆ. ಅಲ್ಲಿಯೇ ಮನುಷ್ಯ ಕೆಟ್ಟ ಬಗೆಯನ್ನು ಒಂದು ಸರಪಣಿಯಾಗಿ ಹೇಳುತ್ತಾರೆ. ಬೇಕಾದ್ದಕ್ಕಿಂತ ಹೆಚ್ಚು ತೆಗೆದುಕೊಂಡವರಿಗೆ ಮೈಭಾರ ಬಂತು. ಮೈಭಾರದಿಂದ ಆಯಾಸ, ಆಯಾಸದಿಂದ ಆಲಸ್ಯ. ಆಲಸ್ಯದಿಂದ ಕೂಡಿಡುವ ಬುದ್ಧಿ, ಕೂಡಿಡುವುದರಿಂದ ನನ್ನದೆಂಬ ಹಿಡಿತ, ಹಿಡಿತದಿಂದ ಲೋಭ. ಲೋಭದಿಂದ ಮುಂದಿನದೆಲ್ಲ. ವೈದ್ಯಗ್ರಂಥವೊಂದು ರೋಗದ ಮೂಲವನ್ನು ಹುಡುಕುತ್ತ ಹೋಗಿ ಲೋಭದ ಬಾಗಿಲಲ್ಲಿ ನಿಲ್ಲುವುದನ್ನು ಸದಸ್ಯರು ಗಮನಿಸಬೇಕು.

ಪ್ರಜ್ಞಾಪರಾಧವೆಂದರೆ ತಿಳಿವಳಿಕೆಯ ತಪ್ಪು. ಅದು ಮೂರು ಕಡೆ ನಡೆಯುತ್ತದೆ: ಧೀ, ಅಂದರೆ ತಿಳಿಯುವ ಶಕ್ತಿ; ಧೃತಿ, ಅಂದರೆ ತಡೆದು ನಿಲ್ಲುವ ಶಕ್ತಿ; ಸ್ಮೃತಿ, ಅಂದರೆ ನೆನಪು. ಇದಕ್ಕೆ ದೂರದ ಉದಾಹರಣೆ ಬೇಡ. ನಮ್ಮದೇ ಇದೆ; ಹೇಳಲು ಸಂಕೋಚವಾದರೂ ಪಾಠಕ್ಕೆ ಬೇಕಾದದ್ದರಿಂದ ಹೇಳುತ್ತೇವೆ.

2017ರ ಬೇಸಿಗೆ ಸದಸ್ಯರಿಗೆ ಮರೆತಿರಲಾರದು. ಹೂಮಳೆ ಕೈಕೊಟ್ಟಿತ್ತು. ಅಡಿಕೆ ಸಸಿಗಳು ತಲೆಬಾಗುತ್ತಿದ್ದವು. ಏಪ್ರಿಲಿನಲ್ಲಿ ನಾವು ತೋಟದ ಮೇಲ್ಭಾಗದಲ್ಲಿ ಕೊಳವೆ ಬಾವಿ ತೆಗೆಸಿದೆವು. 320 ಅಡಿಗೆ ಒಳ್ಳೆಯ ನೀರು ಬಂತು. ಪೂಜೆ ಮಾಡಿ ಸಿಹಿ ಹಂಚಿದೆವು. ನಮ್ಮ ತೋಟದ ಕೆಳಗಡೆ ಎರಡು ಎಕರೆಯ ಸಣ್ಣ ಬೆಳೆಗಾರರೊಬ್ಬರಿದ್ದಾರೆ. ಅವರ ಬಾಳೆಲ್ಲ ಗುಡ್ಡದ ಬುಡದ ಒಂದು ಒರತೆಯ ಮೇಲೆ. ಏಪ್ರಿಲ್ ದಾಟಿಯೂ ನಿಲ್ಲುತ್ತಿದ್ದ ಆ ಒರತೆ ಮರುವರ್ಷ ಮಾರ್ಚಿಯಲ್ಲಿ, ಅದರ ಮರುವರ್ಷ ಫೆಬ್ರವರಿಯಲ್ಲಿ ಬತ್ತಿತು. ಅವರು ನಮ್ಮ ಹತ್ತಿರ ಏನೂ ಹೇಳಲಿಲ್ಲ. ಒಂದು ದಿನ ಕೊಳವೆ ಬಾವಿ ಸಾಲಕ್ಕೆ ಅವರ ಅರ್ಜಿ ಸಂಘಕ್ಕೆ ಬಂತು. ಅದನ್ನು ಸಭೆಯ ಮುಂದಿಡಬೇಕಾದ ಕಾರ್ಯದರ್ಶಿ ನಾವೇ. ಅರ್ಜಿಯಲ್ಲಿ ಕಾರಣವೆಂಬಲ್ಲಿ 'ಒರತೆ ಬತ್ತಿರುವುದರಿಂದ' ಎಂದು ಬರೆದಿತ್ತು.

ಅಂದು ಚರಕರ ಮೂರು ಮಾತುಗಳು ನಮಗೆ ಅರ್ಥವಾದವು. ಗುಡ್ಡದ ಮೇಲಿನ ನೀರೇ ಕೆಳಗೆ ಒರತೆಯಾಗುತ್ತದೆಂದು ನಮಗೆ ಗೊತ್ತಿರಲಿಲ್ಲವೆ? ಪದವಿ ಓದಿದವರಿಗೆ, ಹುಟ್ಟಿದಂದಿನಿಂದ ಅದೇ ಗುಡ್ಡ ನೋಡಿದವರಿಗೆ ಗೊತ್ತಿತ್ತು, ಗೊತ್ತಿಲ್ಲವೆಂದುಕೊಂಡೆವು. ಅದು ಧೀಯ ತಪ್ಪು. ಒಂದು ವರ್ಷದ ಫಸಲು ಹೋಗುತ್ತದೆಂಬ ಭಯದಲ್ಲಿ ತಡೆದು ನಿಲ್ಲಲಾಗಲಿಲ್ಲ. ಅದು ಧೃತಿಯ ತಪ್ಪು. ನಮ್ಮ ತಂದೆಯವರು ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ ನಮ್ಮ ಕೆರೆಯ ತೂಬು ತೆಗೆದು ಕೆಳಗಿನವರಿಗೆ ನೀರು ಬಿಡುತ್ತಿದ್ದರು. ಅದನ್ನು ಮರೆತೆವು; ಅದು ಸ್ಮೃತಿಯ ತಪ್ಪು. ಆ ದಿನಗಳಲ್ಲೆಲ್ಲ ನಾವು ಬೆಳಿಗ್ಗೆ ಐದಕ್ಕೆ ಎದ್ದು ಜಪ ಮಾಡುತ್ತಲೇ ಇದ್ದೆವೆಂಬುದನ್ನೂ ಸೇರಿಸಬೇಕು.

ಅವರ ಅರ್ಜಿಯನ್ನು ಅವರೊಡನೆ ಮಾತನಾಡಿ ಹಿಂದಕ್ಕೆ ತೆಗೆಸಿದೆವು. ನಮ್ಮ ಪಂಪನ್ನು ಶಿವರಾತ್ರಿಯ ಮೇಲೆ ವಾರಕ್ಕೆ ಎರಡು ದಿನಕ್ಕೆ ಇಳಿಸಿದೆವು. ಗುಡ್ಡದ ಇಳಿಜಾರಿನಲ್ಲಿ ಇಂಗುಗುಂಡಿ ತೆಗೆಸಿದೆವು. ಹೂಳು ತುಂಬಿದ್ದ ಹಳೆಯ ಕೆರೆಯ ಗೋಡು ಎತ್ತಿಸಿದೆವು. ಬತ್ತಿದ ದಿನಗಳಿಗೆ ನಮ್ಮ ಪೈಪಿನಿಂದಲೇ ಅವರಿಗೆ ನೀರು. ಒರತೆ ಈಗ ಮಾರ್ಚಿ ನಡುವಿನವರೆಗೆ ನಿಲ್ಲುತ್ತದೆ. ಮೊದಲಿನಂತೆ ಏಪ್ರಿಲ್ ದಾಟುವುದಿಲ್ಲ. ಕೆಡಿಸಲು ಒಂದು ದಿನ ಸಾಕಾಯಿತು. ಸರಿಪಡಿಸಲು ಎಷ್ಟು ವರ್ಷ ಬೇಕೋ ತಿಳಿಯದು.

ಹಾಗಾದರೆ ಸಾಧನೆ ಯಾವುದು?

ದಿನಚರ್ಯೆ, ಋತುಚರ್ಯೆಗಳನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಅವು ಸಾಧನೆಯ ಮೊದಲ ಮೆಟ್ಟಿಲು. ಮಳೆಗಾಲದಲ್ಲಿ ಜಠರಾಗ್ನಿ ಮಂದವಾಗಿರುವುದರಿಂದ ಕಾಯಿಸಿದ ನೀರು, ಹಳೆಯ ಅಕ್ಕಿ, ಹಗುರವಾದ ಬಿಸಿ ಊಟ. ಶರದೃತುವಿನಲ್ಲಿ ಪಿತ್ತ ಕೆರಳುವುದರಿಂದ ಕಹಿ ಸಿಹಿ ರುಚಿಗಳು. ಚಳಿಗಾಲದಲ್ಲಿ ಅಗ್ನಿ ಬಲವಾಗಿರುವುದರಿಂದ ಎಣ್ಣೆ ಅಭ್ಯಂಗ, ಪುಷ್ಟಿಯ ಆಹಾರ, ಮೈದುಡಿಮೆ. ಬೇಸಿಗೆಯಲ್ಲಿ ಖಾರ ಹುಳಿ ಕಡಿಮೆ, ತಂಪು ದ್ರವ ಹೆಚ್ಚು. ಒಂದು ಋತುವಿನ ಕೊನೆಯ ವಾರ, ಮುಂದಿನದರ ಮೊದಲ ವಾರ ಸೇರಿ ಋತುಸಂಧಿ. ಆಗ ಹಳೆಯ ಅಭ್ಯಾಸವನ್ನು ಮೆಲ್ಲಗೆ ಬಿಟ್ಟು ಹೊಸದನ್ನು ಮೆಲ್ಲಗೆ ಹಿಡಿಯಬೇಕೆಂದು ವಾಗ್ಭಟರು ಹೇಳುತ್ತಾರೆ. ಆನೂಪದಲ್ಲಿರುವ ನಾವು ಜಿಡ್ಡು, ಹಗಲುನಿದ್ದೆಗಳನ್ನು ಕಡಿಮೆ ಮಾಡಬೇಕು. ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ನಡೆಯಬೇಕು.

ಆದರೆ ಈ ಚರ್ಯೆಗಳ ಹುರುಳು ಏನು? ಕಾಲ ಬಂದಂತೆ ಮನುಷ್ಯ ತನ್ನನ್ನು ತಿದ್ದಿಕೊಳ್ಳಬೇಕು, ತನಗಾಗಿ ಕಾಲವನ್ನು ತಿದ್ದಹೊರಡಬಾರದು ಎಂಬುದೇ. ಊಟದಲ್ಲಿ ಇದನ್ನು ಪಾಲಿಸಿ ತೋಟದಲ್ಲಿ ಬಿಟ್ಟರೆ ಅದು ಅರ್ಧ ಆಯುರ್ವೇದ. ಚರಕರು ರಸಾಯನದ ಅಧ್ಯಾಯದಲ್ಲಿ ನೆಲ್ಲಿಕಾಯಿ, ಅಳಲೆಕಾಯಿಗಳ ಜೊತೆಗೇ 'ಆಚಾರ ರಸಾಯನ'ವನ್ನೂ ಹೇಳಿದ್ದಾರೆ. ಸತ್ಯ, ಶಾಂತಿ, ಅಹಿಂಸೆ, ದಯೆ, ದಾನ ಇವುಗಳಿಂದ ಬಾಳುವವನು ಔಷಧಿ ಸೇವಿಸದೆಯೂ ರಸಾಯನದ ಫಲ ಪಡೆಯುತ್ತಾನೆ. ಜನಪದ ಕೆಟ್ಟಾಗ ಮಾಡಬೇಕಾದ ಚಿಕಿತ್ಸೆಯಲ್ಲಿಯೂ ಆತ್ರೇಯರು ಔಷಧಿಗಳೊಡನೆ ಸತ್ಯವನ್ನೂ ಪ್ರಾಣಿದಯೆಯನ್ನೂ ಎಣಿಸಿದ್ದಾರೆ. ನಮ್ಮ ಮಟ್ಟಿಗೆ ಇದರ ಅರ್ಥ ಸರಳ. ಕೆಳಗಿನ ತೋಟದವನ ಒರತೆ ನಮ್ಮ ಸಾಧನೆಯ ಪರೀಕ್ಷೆ.

ಸದಸ್ಯರ ಮುಂದೆ ಕೆಲವು ಸಲಹೆಗಳು

1. ಗುರುಗಳು ನೆಲ ರಸ ಕಳೆದುಕೊಳ್ಳುವ ಮೊದಲೇ ಸಂಗ್ರಹಿಸಿ ಎಂದರು. ನಮ್ಮ ಕಾರ್ಯಕ್ಷೇತ್ರದ ಒರತೆ, ಕೆರೆ, ತೆರೆದ ಬಾವಿ, ಕೊಳವೆ ಬಾವಿಗಳ ಒಂದು ಪುಸ್ತಕವನ್ನು ಸಂಘದಲ್ಲಿ ಇಡೋಣ. ಯಾವ ಒರತೆ ಯಾವ ತಿಂಗಳಲ್ಲಿ ಬತ್ತಿತೆಂದು ವರ್ಷವರ್ಷವೂ ಬರೆಯೋಣ.

2. ಕೊಳವೆ ಬಾವಿ ಸಾಲದ ಅರ್ಜಿಯೊಡನೆ ಕೆಳಗಿನ ಮತ್ತು ಅಕ್ಕಪಕ್ಕದ ಬೆಳೆಗಾರರ ಮಾತನ್ನೂ ಸಮಿತಿ ಕೇಳಲಿ. ಮಳೆನೀರು ಇಂಗಿಸುವ ವ್ಯವಸ್ಥೆ ಇರುವವರಿಗೆ ಆದ್ಯತೆ ದೊರೆಯಲಿ.

3. ಡಿಸೆಂಬರಿನಿಂದ ಪಲ್ಪಿಂಗ್ ನಡೆಯುವಾಗ ಕಾಫಿ ತೊಳೆದ ಹುಳಿನೀರನ್ನು ಹಳ್ಳಕ್ಕೆ ಬಿಡುವುದು ನಿಲ್ಲಲಿ. ಗುಂಡಿಗಳಲ್ಲಿ ನಿಲ್ಲಿಸಿ, ಸುಣ್ಣದಿಂದ ಹುಳಿ ತೆಗೆದು, ಕೊಳೆಯಿಸಿ ತಿಳಿಯಾದ ಮೇಲೆ ಬಳಸಲು ಸಾಧ್ಯವಿದೆ. ಸಣ್ಣ ಬೆಳೆಗಾರರು ನಾಲ್ಕೈದು ಮಂದಿ ಸೇರಿ ಒಂದು ವ್ಯವಸ್ಥೆ ಮಾಡಿಕೊಳ್ಳಬಹುದು. ಹಳ್ಳದಲ್ಲಿ ಮೀನು, ಏಡಿ, ಹಕ್ಕಿ ಇವೆಯೇ ಎಂದು ಜನವರಿಯಲ್ಲಿ ಹೋಗಿ ನೋಡಿ. ಆತ್ರೇಯರ ಪರೀಕ್ಷೆ ಅದೇ.

4. ಬೋರ್ಡೋ ಸಿಂಪಡಣೆ, ಎಲೆಚುಕ್ಕೆಯ ಸೋಗೆ ತೆಗೆದು ಸುಡುವುದು, ಕಾಂಡಕೊರಕದ ಗಿಡ ಕೀಳುವುದು ಇವನ್ನು ಒಂದೊಂದು ಬೈಲಿನವರು ಒಂದೇ ವಾರದಲ್ಲಿ ಮುಗಿಸಲಿ. ಆಳಿಗೆ ಹಣವಿಲ್ಲದ ಸದಸ್ಯರ ತೋಟವನ್ನು ಬಿಟ್ಟು ನಮ್ಮದು ಮಾತ್ರ ಉಳಿಯುವುದಿಲ್ಲ.

5. ನೆರಳಿಗೆ ಸಿಲ್ವರ್ ಓಕ್ ಒಂದನ್ನೇ ನೆಚ್ಚದೆ ಅತ್ತಿ, ಬಸರಿ, ಹಲಸು, ನೆಲ್ಲಿಗಳನ್ನು ಉಳಿಸೋಣ. ಮಾಲೂರಿನ ನೀಲಗಿರಿಯ ಲೆಕ್ಕ ಒಬ್ಬೊಬ್ಬರಿಗೆ ಸರಿಯಾಗಿಯೇ ಇತ್ತೆಂಬುದು ನೆನಪಿರಲಿ.

ಮುಂದಿನ ಸಭೆಯ ಚರ್ಚೆಗೆ ಪ್ರಶ್ನೆಗಳು

1. ಗಾಳಿ, ನೀರು, ನೆಲ, ಕಾಲಗಳಲ್ಲಿ ನಮ್ಮ ಊರಿನಲ್ಲಿ ಮೊದಲು ಕೆಡುತ್ತಿರುವುದು ಯಾವುದು? ಗುರುತು ಏನು?
2. ಹತ್ತು ವರ್ಷದ ಹಿಂದೆ ಬೇಸಿಗೆಯಲ್ಲೂ ಇದ್ದು ಈಗ ಬತ್ತಿರುವ ಒರತೆ ನಿಮ್ಮ ಗಮನದಲ್ಲಿದೆಯೇ? ಅದರ ಮೇಲ್ಭಾಗದಲ್ಲಿ ಏನಾಗಿದೆ?
3. ಹಾಲಿನಲ್ಲಿ, ಅಡಿಕೆ ಮಾರಾಟದಲ್ಲಿ ಸಾಧ್ಯವಾದ ಸಹಕಾರ ನೀರಿನಲ್ಲಿ ಸಾಧ್ಯವಾಗದಿರಲು ಕಾರಣವೇನು?

ಕೋಲಾರದ ಶತಶೃಂಗ ಬೆಟ್ಟದಲ್ಲಿ ಅಂತರಗಂಗೆಯೆಂಬ ತೀರ್ಥವಿದೆ. ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತದೆ. ನಾವು ಹೋದ ದಿನವೂ ಬೀಳುತ್ತಿತ್ತು. ಅಲ್ಲಿಯ ಜನ ಎರಡು ಕೈ ಜೋಡಿಸಿ, ಒಂದು ತೊಟ್ಟೂ ಚೆಲ್ಲದಂತೆ ಹಿಡಿದು ಕುಡಿಯುತ್ತಿದ್ದರು. ನಮ್ಮ ಕಡೆ ಇಂಥ ನೀರು ಎಷ್ಟೋ ಗುಡ್ಡದ ಬುಡದಲ್ಲಿ ಹೆಸರೂ ಇಲ್ಲದೆ ಹರಿಯುತ್ತದೆ. ಆ ಹಿರಿಯರು ಹೇಳಿದ "ಹಂಗೇ ನಮ್ಮಲ್ಲೂ ಇತ್ತು" ಎಂಬ ಮಾತನ್ನು ನಮ್ಮ ಮೊಮ್ಮಕ್ಕಳು ಇನ್ನೊಬ್ಬರಿಗೆ ಹೇಳುವಂತೆ ಆಗದಿರಲಿ.

ಒರತೆಗಳ ಪುಸ್ತಕವನ್ನು ಸಂಘದ ಕಚೇರಿಯಲ್ಲಿ ಈಗಾಗಲೇ ತೆರೆದಿದ್ದೇವೆ. ಮೊದಲನೆಯ ಪುಟದಲ್ಲಿ ನಮ್ಮ ಕೆಳಗಿನ ತೋಟದ ಒರತೆಯನ್ನು, ಅದು ಬತ್ತಿದ ವರ್ಷಗಳೊಡನೆ ಬರೆದಿದೆ. ಸಂಘಕ್ಕೆ ಬಂದಾಗ ಸದಸ್ಯರು ತಮ್ಮ ತಮ್ಮದನ್ನು ಬರೆಸಬೇಕಾಗಿ ವಿನಂತಿ.

- ಕಾರ್ಯದರ್ಶಿ